ಮೊದಲ ಪ್ರಾಕ್ಟಿಕಲ್, ಅಜ್ಮಾನ್

ಸೆಪ್ಟೆಂಬರಿನ ಬೆಳಿಗ್ಗೆ ಅಜ್ಮಾನಿನಲ್ಲಿ
ಕಿಟಕಿಯ ಹೊರಮೈ ಬೆವರುತ್ತದೆ, ಒಳಗೆ ನಾವು ನಡುಗುತ್ತೇವೆ.
ಇಪ್ಪತ್ತೆರಡು ಹೊಸ ಬಿಳಿ ಕೋಟುಗಳು,
ಮಡಿಕೆಯ ಗೆರೆ ಇನ್ನೂ ಹೋಗಿಲ್ಲ.
ಹಿಂದಿನ ಸಿಂಕಿನಲ್ಲಿ ನಾನು, ಪಿಪೆಟ್ಟು ತೊಳೆಯುತ್ತ.

"ಹೆಸರು, ಊರು, ವಿಜ್ಞಾನ ಯಾಕೆ.
ಒಬ್ಬೊಬ್ಬರಾಗಿ," ಎಂದರು ನಿಹಾಲ್ ಮೇಡಂ,
ಗಡಿಯಾರ ನೋಡಿಕೊಂಡು.

ಹೆಸರು ಬೇಗ ಮುಗಿಯುತ್ತದೆ.
ಯಾಕೆ ಎಂಬುದಕ್ಕೂ ಎಲ್ಲರ ಬಳಿ
ಮನೆಯಲ್ಲೇ ಕಟ್ಟಿಕೊಟ್ಟ ಉತ್ತರವಿದೆ, ಬುತ್ತಿಯ ಹಾಗೆ.
ಊರಿನ ಹತ್ತಿರ ಬಂದಾಗ ಮಾತ್ರ
ಹೊಸ ಶೂಗಳು ನೆಲ ಕೆರೆಯುತ್ತವೆ.

ಮಸ್ಫೂತಿನ ಮೌಝಾ ಒಬ್ಬಳಿಗೆ ತಡವರಿಕೆಯಿಲ್ಲ:
ಬೆಟ್ಟ, ಅಜ್ಜನ ಜೇನುಪೆಟ್ಟಿಗೆ, ಸಿದ್ರ್ ಮರದ ಹೂವು.
ಜೇನಿಗೆ ಯಾಕೆ ಮುಪ್ಪಿಲ್ಲ ಅಂತ ತಿಳಿಯಬೇಕಂತೆ.
ನನಗೂ.

ಇಲ್ಹಾಮ್ ಎದ್ದಳು. ಒಮ್ದುರ್ಮಾನ್, ಎಂದಳು.
ಆಮೇಲೆ ಪೋರ್ಟ್ ಸುಡಾನ್. ಆಮೇಲೆ ಕೈರೋ, ಒಂದು ಚಳಿಗಾಲ.
ಆಮೇಲೆ ರಶೀದಿಯಾ, ಸೋದರತ್ತೆಯ ಮನೆ, ಮೂರನೇ ಮಹಡಿ, ಸದ್ಯಕ್ಕೆ.
ವಿಜ್ಞಾನ ಯಾಕೆ ಅಂತ ಕೇಳಲು ಮೇಡಂ ಮರೆತರು.

ಅನಸ್, ತಿರೂರು; ಹುಟ್ಟಿದ್ದು ಇಲ್ಲೇ, ಮೀನು ಮಾರ್ಕೆಟ್ಟಿನ ಹಿಂದೆ.
"ವೀಸಾ ಅಪ್ಪನದು, ಜನವರಿಯವರೆಗೆ."
ಯಾರೋ ನಕ್ಕರು.
ಅವನು ತಮಾಷೆ ಮಾಡಿರಲಿಲ್ಲ.

ಹತ್ತೊಂಬತ್ತು ಸೆಪ್ಟೆಂಬರ್ ಕೇಳಿದ್ದೇನೆ ಇದನ್ನು.
ಒಂದು ವರ್ಷ ಒಂಬತ್ತು ಮಂದಿ ಅಲೆಪ್ಪೊ ಎಂದರು;
ಮರುವರ್ಷದವರು, ಅದೇ ಮೂಗು, ಅದೇ ಹುಬ್ಬು,
ಶಾರ್ಜಾ ಎಂದರು.
ನನ್ನನ್ನು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಹೇಳುವಂಥದೂ ಇಲ್ಲ.
ಹೆರಿಯ ಅಂದಿದ್ದೆ, ಈಜಿಪ್ಟಿನ ಗುಮಾಸ್ತ ಖೈರಿ ಅಂತ ಬರೆದುಕೊಂಡ;
ಎದೆಯ ಬಿಲ್ಲೆಯಲ್ಲಿ ಇವತ್ತಿಗೂ ಖೈರಿ.
ಪಿಯುಸಿಯಲ್ಲಿ ರಸಾಯನಶಾಸ್ತ್ರ ಎರಡು ಸಲ ಡುಮ್ಕಿ.
ಈಗ ಈ ಕೋಣೆಯ ಅಷ್ಟೂ ಆಸಿಡ್ಡಿನ ಬೀಗದ ಕೈ
ನನ್ನ ಸೊಂಟದಲ್ಲಿ.
ವಿಜ್ಞಾನ ಯಾಕೆ ಅಂತ ಯಾರಾದರೂ ಬರೆದುಕೊಟ್ಟರೆ
ಓದಿ ಹೇಳಿಯೇನು.

ಕೊನೆಯ ಬೆಂಚಿನ ಹುಡುಗಿ
"ಸನ್ಮಿತಾ, ಇಂಡಿಯಾ" ಎಂದು ಕೂತೇಬಿಟ್ಟಳು.
ಇಂಡಿಯಾ ದೊಡ್ಡದು.
ಅಷ್ಟು ದೊಡ್ಡದರ ಹಿಂದೆ ಒಂದು ಹುಡುಗಿ ಸಲೀಸಾಗಿ ಅಡಗಬಹುದು.

ಹನ್ನೊಂದೂವರೆಗೆ ಬರ್ನರುಗಳು ಹೊತ್ತಿದವು.
ತಾಮ್ರದ ಉಪ್ಪು ಹಸಿರಾಗಿ ಉರಿಯಿತು,
ಪೊಟ್ಯಾಶಿಯಂ ನೇರಳೆ ಬಣ್ಣ ತೋರಿಸಿ ಮರೆಯಾಯಿತು,
ಇಲ್ಹಾಮ್ ಮೌಝಾಳ ತೋಳು ಹಿಡಿದುಕೊಂಡು ನೋಡುತ್ತಿದ್ದಳು,
ಆಗ ಕೊನೆಯ ಬೆಂಚಿನಿಂದ ಠಳ್ ಎಂದು

"ಅಯ್ಯಬ್ಬ, ಹೋಯ್ತ್!"

ಹೋಯಿತು ಅಲ್ಲ. ಹೋಯ್ತು ಅಲ್ಲ. ಹೋಯ್ತ್.
ಕೊನೆಯ ಉಕಾರವನ್ನು ಹೀಗೆ ನುಂಗುವವರು
ಭೂಮಿಯ ಮೇಲೆ ಒಂದೇ ಬದಿಗೆ ಇದ್ದಾರೆ.

ಪೊರಕೆ ಹಿಡಿದು ಹೋದೆ.
ಗಾಜು ಒಟ್ಟು ಮಾಡುತ್ತ, ತಲೆಯೆತ್ತದೆ,
"ಹೆದ್ರ್‌ಬೇಡ ಮಗಾ, ಅದ್ ಒಡುಕೇ ಇಪ್ಪುದ್" ಅಂದೆ.
ಮಾತು ಗಂಟಲಲ್ಲಿ ಕರಕರ ಎಂದಿತು,
ಬಹಳ ದಿನ ತಿರುಗಿಸದ ನಲ್ಲಿಯ ಹಾಗೆ.

ಅವಳು ಬಿಲ್ಲೆ ಓದಿದಳು. ಮುಖ ಓದಿದಳು.
ಎರಡೂ ತಾಳೆಯಾಗಲಿಲ್ಲ.
"ಹ್ವಾಯ್, ನಿಮ್ದ್ ಯಾವೂರ್?"
"ಗಂಗೊಳ್ಳಿ."
"ಬಂದರದ ಬದಿಯಾ, ಮ್ಯಾಂಗನೀಸ್ ರೋಡಾ?"

ಕಪಾಟಿನ ಮೂರನೇ ಹಲಗೆ, ಕಂದು ಬಾಟಲಿ.
ಹತ್ತೊಂಬತ್ತು ವರ್ಷ ಅದರ ಚೀಟಿ ಒರೆಸಿದ್ದೇನೆ,
ಅದು ನಾನು ಓಡಾಡಿದ ರಸ್ತೆಯ ಹೆಸರೂ ಹೌದು ಅಂತ
ಒರೆಸುವ ಕೈಗೆ ಹೊಳೆದಿರಲಿಲ್ಲ.

"ಇವರು ನಿನಗೆ ಗೊತ್ತಾ?" ಅನಸ್ ಕೇಳಿದ.
"ಈಗ," ಎಂದಳು.

ಸಂಜೆ ರಿಜಿಸ್ಟರಿನಲ್ಲಿ ಬರೆದೆ:
ಟೆಸ್ಟ್ ಟ್ಯೂಬ್, ಒಂದು.
ಕಾರಣದ ಕಾಲಮ್ಮಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು;
'ಪರಿಚಯ' ಅಂತ ಬರೆಯುವವನಿದ್ದೆ.
'ಕೈಜಾರಿ' ಅಂತ ಬರೆದು,
ಗ್ಯಾಸು ಆರಿಸಿದ್ದೇನೆಯೇ ಎಂದು ಇನ್ನೊಮ್ಮೆ ನೋಡಿ,
ಬೀಗ ಹಾಕಿದೆ.