ಐದು ಕೇಜಿ ನಗಲಿ

‘ಐದು ಕೇಜಿ ನಗಲಿ, ಬೆಳಗಿನ ಗಾಡಿಗೆ’
ಎಂದು ಬರೆದುಕೊಂಡಿದೆ ಎಐ.
ಹುಬ್ಬಳ್ಳಿಯ ಖಾನಾವಳಿಯಾತ ಫೋನಿನಲ್ಲಿ ಹೇಳಿ ಕಳಿಸಿದ್ದು
ನೊಗಲಿ.
ಎರಡು ಬುಟ್ಟಿ ತಾರ್ಲಿ, ‘ತರಲಿ’ ಆಗಿದೆ.
ಕಾರವಾರದ ಮೀನೆಲ್ಲ ಒಂದೇ ರಾತ್ರಿಗೆ
ವಿಧ್ಯರ್ಥ ಕ್ರಿಯಾಪದ.

ರೋಹಿದಾಸ ಬಾನಾವಳಿ ನಗಲಿಲ್ಲ.
‘ಪೆಟ್ಟಿಗೇಲಿ ಏನ್ ತುಂಬಿ ಕಳಸ್ಲಿ, ಅಕ್ಕೋರೆ?’

ಬೈತಖೋಲ ಬಂದರು, ಅವನ ಗೋದಾಮು.
ಥರ್ಮಾಕೋಲ್ ಪೆಟ್ಟಿಗೆಯೇ ನನ್ನ ಮೇಜು,
ಲ್ಯಾಪ್‌ಟಾಪಿನ ಅಡಿಗೆ ಐಸು ತೊಟ್ಟಿಕ್ಕುತ್ತದೆ.
ಯಾವ ಟೂಲು ಹಿಡಿಯಲಿ?
ಚಂದದ್ದೊಂದಿದೆ: ಗೆರೆ ಎಳೆದರೆ ಸಾಕು,
ಡಬ್ಬಿಯಿಂದ ಡಬ್ಬಿಗೆ ಕೆಲಸ ತಾನೇ ಹರಿಯುತ್ತದೆ.
ಬಾಡಿಗೆ ಡಾಲರಿನಲ್ಲಿ.
ಜೂನ್, ಜುಲೈ ದೋಣಿಗಳು ದಡದಲ್ಲಿ ಮಲಗಿದರೂ
ಅದರ ಮೀಟರು ಮಲಗುವುದಿಲ್ಲ.
ಪುಕ್ಕಟೆಯದೂ ಇದೆ, ನಮ್ಮದೇ ಯಂತ್ರದಲ್ಲಿ ಕೂರಿಸಬಹುದು.
ರಾತ್ರಿ ಎರಡಕ್ಕೆ ಅದು ಬಿದ್ದರೆ ಎಬ್ಬಿಸುವವಳು ನಾನು,
ಕಾಜುಬಾಗಿನಿಂದ ಸ್ಕೂಟಿಯಲ್ಲಿ,
ನೈಟಿಯ ಮೇಲೆ ರೇನ್‌ಕೋಟು.

ಮೀನಿನ ಹೆಸರು ಕಲಿಸಬಹುದು. ಅದು ಅರ್ಧ ದಿನದ ಕೆಲಸ.
ಇಸ್ವಾಣ, ಲೇಪ, ಶೆಟ್ಲಿ, ಬಾಂಗಡೆ
ಪಟ್ಟಿ ಟೈಪಿಸುತ್ತ ತಲೆಯೆತ್ತಿದರೆ
ಮೂಲೆಯಲ್ಲಿ ಶೇವಂತಿಬಾಯಿ ಉದ್ರಿ ಪುಸ್ತಕ ಬರೆಯುತ್ತಿದ್ದಾಳೆ.
ಹೆಸರಿನ ಮುಂದೆ ಅಂಕಿ.
ಕೆಲವು ಹೆಸರಿನ ಮುಂದೆ, ಅಂಕಿಯ ಪಕ್ಕ, ಒಂದು ಚುಕ್ಕಿ.

‘ಇದೇನು?’
‘ಕೇಳಬಾರದವರು.’
ಒಬ್ಬನ ಎಂಜಿನ್ ಕೆಟ್ಟಿದೆ.
ಒಬ್ಬಳ ಮಗಳು ಮಣಿಪಾಲದ ಆಸ್ಪತ್ರೆಯಲ್ಲಿ.
ಮತ್ತೊಬ್ಬ?
‘ಅಂವ ಕೇಳಿದ್ರೆ ಕೊಡ್ತಾ. ಆಮೇಲೆ ಈ ಬದಿಗೆ ಬರೂದಿಲ್ಲ.’

ಏಳನೆಯ ದಿನಕ್ಕೊಂದು ನೆನಪೋಲೆ, ಹದಿನಾಲ್ಕಕ್ಕೆ ಇನ್ನೊಂದು,
ತಾನಾಗಿ ಹೋಗುವಂತೆ ಕಟ್ಟಿಟ್ಟಿದ್ದೆ ನಾನು;
ಬಹಳ ಮರ್ಯಾದೆಯ ಭಾಷೆಯಲ್ಲಿ.
ಚುಕ್ಕಿಗೆ ಎಲ್ಲಿ ಜಾಗ?
ಚಂದದ ಟೂಲಿನಲ್ಲಿ ಹುಡುಕಿದೆ, ಸಿಕ್ಕಿತು ಕೂಡ:
‘ವಿನಾಯಿತಿ. ಕಾರಣ ಬರೆಯುವುದು ಕಡ್ಡಾಯ.’

ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಮುಚ್ಚಿದೆ.

ಕೊಟೇಶನ್ ತಿದ್ದಿದೆ. ಪುಕ್ಕಟೆಯದೇ ಇರಲಿ, ರೇನ್‌ಕೋಟು ಇದ್ದೇ ಇದೆ.
ಆರ್ಡರು ಯಂತ್ರ ಬರೆದುಕೊಳ್ಳುತ್ತದೆ,
ಹೌದೆನ್ನುವುದು ಶೇವಂತಿಬಾಯಿ.
ಉದ್ರಿ ಪುಸ್ತಕ ಮುಟ್ಟಿಲ್ಲ. ನಾಲ್ಕು ಸಾವಿರ ಕಡಿಮೆ.
‘ಇಷ್ಟೇನಾ ಎಐ?’ ಅಂದ ರೋಹಿದಾಸ.
ಇಷ್ಟೇ, ಅಂದೆ.

ಮೊದಲ ಆರ್ಡರು ಬಂತು. ನೊಗಲಿ, ಸರಿಯಾಗಿ.
ಶೇವಂತಿಬಾಯಿ ಒತ್ತಿದಳು. ಆಗಲಿಲ್ಲ.
ಒತ್ತಿದಳು. ಬೆರಳು ಒದ್ದೆ, ಪರದೆಯ ಮೇಲೊಂದು ಮೀನಿನ ಹುರುಪೆ.
ಸೆರಗಿಗೆ ಒರೆಸಿ ಮತ್ತೊಮ್ಮೆ.

ಕೊಟೇಶನ್ನಿನ ಕೊನೆಗೆ ಸೇರಿಸಿದೆ:
ಟವೆಲು, ಒಂದು.