ನಾಲ್ಕನೆಯ ಪಾಲು

ಅರಗು ಕರಗಿಸುವುದು ನನ್ನ ಕೆಲಸ.
ಹಾಸನದ ಆಹಾರ ಸುರಕ್ಷತೆಯ ಕಚೇರಿಯಲ್ಲಿ
ಹಾಲಿಗೆ, ಎಣ್ಣೆಗೆ, ಬೇಕರಿಯ ಹಳದಿ ಲಾಡುವಿಗೆ,
ಬಾಟಲಿಯ ಕತ್ತಿಗೆ ದಾರ ಸುತ್ತಿ
ಹನ್ನೊಂದು ವರ್ಷದಿಂದ ಮೊಹರು ಒತ್ತಿದ್ದೇನೆ.
ಬೆರಳಿನ ಸುಟ್ಟ ಕಲೆ ಸರ್ವೀಸ್ ಪುಸ್ತಕದಲ್ಲಿಲ್ಲ.

ಶುಂಠಿಗೆ ಮೊಹರು ಹಾಕಿದ್ದು ಅದೇ ಮೊದಲು.

ಆಲೂರಿನ ಆಚೆ ತೊಳೆದು, ಆರಿಸಿ, ಮೂಟೆ ಹೊಲಿದು
ಮುದ್ದಯ್ಯನ ಲಾರಿ ಗಡಿಗೆ ಹೋಗಿತ್ತು, ಆರು ದಿನದ ದಾರಿ.
ಅಲ್ಲಿ ನಾಲ್ಕು ದಿನ ನಿಂತು
ಹೋದ ದಾರಿಯಲ್ಲೇ ತಿರುಗಿ ಬಂತು,
ಜೊತೆಗೊಂದು ಚೀಟಿ.
ಚೀಟಿಯ ಲಿಪಿ ನಮಗೆ ಯಾರಿಗೂ ಬಾರದು,
ಅಂಕಿಗಳೂ ಬೇರೆ ಥರ.
ಸೊನ್ನೆ ಮಾತ್ರ ನಮ್ಮ ಸೊನ್ನೆಯೇ.

ವಿಮಲಾಕ್ಷಿ ಮೇಡಂ ಫೋನಿನಲ್ಲಿ ಯಾರನ್ನೋ ಕೇಳಿ ಓದಿಸಿದರು:
ಹುಳಕ್ಕೆ ಹೊಡೆದ ಔಷಧಿ
ಅವರಲ್ಲಿ ಕೋಟಿಗೊಂದು ಪಾಲು ದಾಟಬಾರದು.
ಇದರಲ್ಲಿ ಮೂರಿದೆ.
ನಮ್ಮ ಪುಸ್ತಕ ತೆಗೆದರು, ಕನ್ನಡಕ ಏರಿಸಿದರು.
ನಮ್ಮಲ್ಲಿ ಐದರವರೆಗೆ ಅಡ್ಡಿಯಿಲ್ಲ.

ಕಂಬದ ಆ ಮಗ್ಗುಲಿಗೆ ವಿಷ,
ಈ ಮಗ್ಗುಲಿಗೆ ಒಗ್ಗರಣೆ.
‘ಇನ್ನೊಂದು ಔಷಧಿಗೆ ನಾವು ಬಿಗಿ, ಅವರು ಸಡಿಲ,
ನಾವೂ ಅವರ ಲಾರಿ ತಿರುಗಿಸಿದ್ದೇವೆ’ ಎಂದರು ಮೇಡಂ,
ಸಮಾಧಾನಕ್ಕೋ, ಲೆಕ್ಕ ಸರಿ ಮಾಡಲಿಕ್ಕೋ.

ನಮ್ಮಜ್ಜ ಬತ್ತ ಅಳೆದವನು.
ಪಾಳ್ಯದ ಸೇರು ಬೇರೆಯಂತೆ, ಬಿಕ್ಕೋಡಿನ ಸೇರು ಬೇರೆ.
ಹಳ್ಳ ದಾಟಿದರೆ ಬತ್ತ ಕಮ್ಮಿ ಬೀಳುತ್ತಿತ್ತು,
ಹಸಿವು ಮಾತ್ರ ಅಷ್ಟೇ ಇರುತ್ತಿತ್ತು ಅನ್ನುತ್ತಿದ್ದ.

ತೊಳೆಯುವ ಕಣಕ್ಕೆ ಹೋದೆವು.
ಮಾದರಿಯನ್ನು ಬಿಟ್ಟಿ ತರುವಂತಿಲ್ಲ, ಕೊಂಡು ತರಬೇಕು, ಅದು ಕಾನೂನು.
ಮೇಡಂ ದುಡ್ಡು ಎಣಿಸುವಾಗ ಪುಟ್ಟಸಿದ್ದಮ್ಮ
ಸೊಂಟದವರೆಗೆ ಕೆಂಪು ನೀರಲ್ಲಿ ನಿಂತಿದ್ದಳು.
‘ಕಣ್ಣಿಗ್ ಕಾಣೋ ಮಣ್ಣೆಲ್ಲ ತೊಳ್ದಿವ್ನಿ ಕಣವ್ವ.
ಕಾಣ್ದೇ ಇರೋದು ತೊಳ್ಯಕ್ಕೆ
ಎಷ್ಟು ಕೂಲಿ ಕೊಡ್ತೀರಿ?’
ಮೇಡಂ ರಸೀದಿ ಬರೆದರು.

ನಾಲ್ಕು ಪಾಲು ಮಾಡಿದೆ,
ಅಣ್ಣತಮ್ಮಂದಿರು ಹಿಸ್ಸೆ ಆದ ಹಾಗೆ.
ಒಂದು ಪ್ರಯೋಗಾಲಯಕ್ಕೆ, ಎರಡು ಮೇಲಿನವರ ಕಪಾಟಿಗೆ,
ನಾಲ್ಕನೆಯದು ಸಾಹುಕಾರರು ಕೇಳಿದರೆ
ಬೇರೆ ಪರೀಕ್ಷೆಗೆ.
ಇಲಿಯಾಸ್ ಸಾಹುಕಾರರು ಕೇಳಲಿಲ್ಲ. ಯಾಕೆ ಕೇಳಬೇಕು?
ವರದಿಗೆ ಹದಿನಾಲ್ಕು ದಿನ ಗಡುವು,
ಶುಂಠಿಗೆ ಅಷ್ಟು ತಾಳ್ಮೆಯಿಲ್ಲ.
ಮೂರನೆಯ ದಿನಕ್ಕೇ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ
ಗುಡ್ಡೆ ಗುಡ್ಡೆ, ಕೇಜಿಗೆ ಹತ್ತು ರೂಪಾಯಿ ಇಳಿಸಿ.
ನನ್ನ ಹೆಂಡತಿ ಅಗ್ಗವೆಂದು ಎರಡು ಕೇಜಿ ತಂದಳು.
ನಾನು ಬಾಯಿ ಬಿಡಲಿಲ್ಲ.
ಏನಂತ ಬಿಡಲಿ? ಕಾನೂನಿನ ಪ್ರಕಾರ ಅದು
ಒಳ್ಳೆಯ ಶುಂಠಿ.
ಆ ವಾರ ಕಷಾಯ ಕುಡಿದೆವು, ಮಗಳಿಗೆ ನೆಗಡಿಯಿತ್ತು.

ವರದಿ ಬಂತು: ಮೂರು. ಸುರಕ್ಷಿತ.
ಮೇಡಂ ಸಹಿ ಹಾಕಿ ಪೆನ್ನನ್ನು
ತುಸು ಹೊತ್ತು ಕೈಯಲ್ಲೇ ಹಿಡಿದಿದ್ದರು.

ಕಡತ ಮುಗಿಸುವಾಗ ಕಪಾಟು ತೆಗೆದರೆ
ನಾಲ್ಕನೆಯ ಬಾಟಲಿಯಲ್ಲಿ, ಕತ್ತಲಲ್ಲಿ,
ಮೊಹರು ಹಾಕಿದ್ದು ಹಾಕಿದಂತೇ ಇದ್ದು
ಗೆಣ್ಣಿನಿಂದ ಒಂದು ಮೊಳಕೆ,
ಎಳೆ ಹಸಿರು, ತುದಿಯಲ್ಲಿ ತುಸು ಕೆಂಪು,
ಮುಚ್ಚಳಕ್ಕೆ ತಲೆ ತಾಗಿಸಿ ಬಾಗಿತ್ತು.

‘ಮೊಳೆತ ಮಾದರಿಗೆ ಯಾವ ಫಾರಂ ಮೇಡಂ?’
ಅವರು ನಕ್ಕರು, ಆಮೇಲೆ ನಗಲಿಲ್ಲ.
‘ನಾಶಪಡಿಸಿದೆ ಅಂತ ಬರಿ.’

ಬರೆದೆ.
ಬಾಟಲಿಯನ್ನು ಮಾತ್ರ ಕಿಟಕಿಯ ಕಡೆಗೆ ತಿರುಗಿಸಿಟ್ಟು
ಊಟಕ್ಕೆ ಹೋದೆ.