ಹೊಲಿಗೆಗೆ ಬಿಟ್ಟ ಅಂಚು

ಮತ್ತಿಕೆರೆಯ ನನ್ನ ಅಂಗಡಿಯ ಹಿಂದೆ
ಒಂದೂವರೆ ಆಳೆತ್ತರದ ನಿಂಬೆ.
ಅದಕ್ಕೆ ಏನೋ ಆಗಿದೆ ಅಂತ ಮೊದಲು ಕಂಡದ್ದು
ರವಿಕೆಯ ಅಳತೆ ಕೊಡಲು ಬಂದ ಹುಡುಗಿಗೆ:
"ಅಂಕಲ್, ನಿಮ್ಮ ಗಿಡವನ್ನ ಯಾರೋ ಸಿಗರೇಟಲ್ಲಿ ಸುಟ್ಟಿದಾರೆ."

ಹೋಗಿ ನೋಡಿದೆ. ತೂತಲ್ಲ, ಉಬ್ಬು.
ಬೆರಳಿಗೆ ಉಪ್ಪುಕಾಗದದಂತೆ ತಾಕುವ ಕಂದು ಬೊಟ್ಟು,
ಸುತ್ತ ಅರಿಸಿನದ ಉಂಗುರ.
ಎಲೆಯ ಮೇಲೆ, ರೆಂಬೆಯ ಮೇಲೆ, ಕಾಯಿಯ ಮೇಲೂ.

ಗೋಡೆಯಾಚೆಯಿಂದ ಪಿಳ್ಳಮ್ಮ ದೃಷ್ಟಿ ಅಂದರು.
ದೃಷ್ಟಿಗೆ ನಿಂಬೆಹಣ್ಣು ಕಟ್ಟಬಹುದು,
ನಿಂಬೆಗೇ ದೃಷ್ಟಿಯಾದರೆ
ಏನನ್ನು ಕಟ್ಟುವುದು?

ಎರಡು ರೆಂಬೆ ಪ್ಲಾಸ್ಟಿಕ್ ಕವರಿಗೆ ಹಾಕಿ
ಬಾಯಿ ಬಿಗಿದು ಹೆಬ್ಬಾಳದ ಬಸ್ಸು ಹತ್ತಿದೆ.
ಏನದು, ಅಂದ ಕಂಡಕ್ಟರ್.
ಕಜ್ಜಿ, ಅಂದೆ.
ಇಳಿಯುವವರೆಗೂ ಪಕ್ಕದ ಸೀಟು ಖಾಲಿ.

ತಹಸೀನ್ ಮೇಡಂ ಬ್ಲೇಡಿನಿಂದ ಎಲೆಯ ಚೂರೊಂದು ಸೀಳಿ
ನೀರಿನ ಹನಿಗಿಟ್ಟು, ಗಾಜು ಮುಚ್ಚಿ, "ನೋಡಿ" ಅಂದರು.
ಒಂದು ಕಣ್ಣು ಮುಚ್ಚಿ ಸೂಜಿ ಪೋಣಿಸುವ ರೂಢಿ ನನ್ನದು,
ಹಾಗೇ ಬಗ್ಗಿದೆ.
ಕತ್ತರಿಸಿದ ಅಂಚಿನಿಂದ ಹೊಗೆಯಂತೆ
ಏನೋ ಹೊರಡುತ್ತಿತ್ತು, ಹೊರಡುತ್ತಲೇ ಇತ್ತು,
ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಬಾಗಿಲು ತೆರೆದ ಹಾಗೆ.

"ದುಂಡಾಣು. ಹೆಸರಿಗೆ ದುಂಡು, ಇದರ ಆಕಾರ ಕಡ್ಡಿ.
ಹಿಂದೆ ಒಂದು ಬಾಲ.
ಮಳೆಹನಿ ಸಿಡಿದರೆ ಸಾಕು, ಪಕ್ಕದ ಎಲೆ ಇದರದ್ದೇ."
ಒಳಗೆ ಹೇಗೆ ಹೋಗುತ್ತೆ?
"ಎಲೆ ಉಸಿರಾಡೋ ಬಾಗಿಲಿಂದ. ಹುಳ ಕೊರೆದ ಹಾದಿಯಿಂದ.
ಗಾಳಿ ಬಂದಾಗ ನಿಂಬೆಯ ಮುಳ್ಳು ನಿಂಬೆಯ ಎಲೆಯನ್ನೇ ಗೀರುತ್ತಲ್ಲ,
ಅಲ್ಲಿಂದಲೂ."
ವಾಸಿಯಾಗುತ್ತಾ?
ಗಾಜು ಒರೆಸುತ್ತಾ ಅಂದರು,
"ವಾಸಿ ಅಂತ ಇಲ್ಲ. ಹಿಡಿತ ಅಂತ ಇದೆ."

ಮಾಗಿಯ ಒಣ ಬಿಸಿಲಿಗೆ ಕಾದೆ,
ಒದ್ದೆಯಲ್ಲಿ ಕತ್ತರಿಸುವುದೆಂದರೆ ಹಂಚುವುದು.
ಮೂವತ್ತು ವರ್ಷ ಕತ್ತರಿ ಹಿಡಿದವನು,
ಒಂದು ಕಡಿತಕ್ಕೂ ಇನ್ನೊಂದಕ್ಕೂ ನಡುವೆ
ಅಲಗನ್ನು ಸ್ಪಿರಿಟ್ಟಿನಲ್ಲಿ ಒರೆಸಿದ್ದು ಅವತ್ತೇ ಮೊದಲು.
ನಲವತ್ತೊಂದು ಸಲ.
ಕಜ್ಜಿಯ ಕೆಳಗೆ ನಾಲ್ಕು ಬೆರಳು ಒಳ್ಳೆಯ ಕೊಂಬೆಯೂ ಹೋಗಬೇಕಂತೆ.
ಹೊಲಿಗೆಗೆ ಅಂಚು ಬಿಡುವ ಲೆಕ್ಕವೇ ಇದು, ಮಗುಚಿ ಹಾಕಿದ್ದು:
ಬಟ್ಟೆಯಲ್ಲಿ ಉಳಿಸಿಕೊಳ್ಳುವುದನ್ನು
ಮರದಲ್ಲಿ ಕೊಟ್ಟುಬಿಡಬೇಕು.
ಎರಡು ಸಲ ಕೈ ಹಿಂದೆ ಬಂತು.

ಮೈಲುತುತ್ತ ಒಂದು ಬಕೆಟ್ಟು, ಸುಣ್ಣ ಇನ್ನೊಂದು.
ಎರಡನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿದಾಗ ಹುಟ್ಟಿದ ನೀಲಿ
ಚಿಕ್ಕಪೇಟೆಯ ಯಾವ ಥಾನಿನಲ್ಲೂ ಇಲ್ಲ.
ಹಳೆಯ ಚಾಕು ಅದ್ದಿ ನೋಡಿದೆ, ಕೆಂಪಾದರೆ ಸುಣ್ಣ ಸಾಲದು.
ಕೆಂಪಾಯಿತು.
ಇನ್ನೊಂದು ಹಿಡಿ.

ಪಿಳ್ಳಮ್ಮನಿಗೂ ಗೋಡೆಗಂಟಿದ ಒಂದು ನಿಂಬೆಯಿದೆ,
ತಾರಸಿಯಿಂದ ಪೈಪು ಹಿಡಿದು ತಲೆಗೇ ನೀರೆರೆಯುತ್ತಾರೆ, ಮಗುವಿಗೆ ಎರೆದಂತೆ.
"ನನ್ನದಕ್ಕೇನೂ ಆಗಿಲ್ಲ, ನಿಮ್ಮದೇ ಇತ್ತ ಬಾಗಿದ್ದು."
ಯಾರದ್ದು ಯಾರಿಗೆ ಹತ್ತಿತು ಅಂತ
ಗೋಡೆಯ ಮೇಲೆ ಮೂರು ದಿನ ವಾದ.
ನಾಲ್ಕನೆಯ ದಿನ ಅವರ ಗಿಡದ ಎಲೆಯೊಂದನ್ನು
ಬೆಳಕಿಗೆ ಹಿಡಿದು ತೋರಿಸಿದೆ: ಅರಿಸಿನದ ಉಂಗುರ.
ಸುಮ್ಮನೆ ಒಳಗೆ ಹೋದರು.
ಸಂಜೆ ಗೋಡೆಯ ಮೇಲೆ ಒಂದು ಕೈ:
"ಆ ಸ್ಪಿರಿಟ್ಟು ಕೊಡಿ."

ಕಡಿದದ್ದನ್ನೂ ಉದುರಿದ್ದನ್ನೂ ಗುಡಿಸಿ
ಹಳೇ ತಗಡಿನ ಡಬ್ಬಿಯಲ್ಲಿ ಒಟ್ಟಿಗೆ ಸುಟ್ಟೆವು.
ರೋಗದ ಎಲೆ ಉರಿದರೂ
ನಮ್ಮ ಅಡ್ಡರಸ್ತೆಯಲ್ಲೆಲ್ಲ ನಿಂಬೆಯದೇ ಘಮ.

ಮತ್ತೆ ಮಳೆ ಬಂತು. ಮತ್ತೆ ಬಂದವು ಬೊಟ್ಟು,
ನನ್ನಲ್ಲಿ ಆರು ಎಲೆ, ಅವರಲ್ಲಿ ಎರಡು, ಅಥವಾ ಅವರು ಹೇಳುವ ಲೆಕ್ಕ.
ಪಿಳ್ಳಮ್ಮ ಈಗ ಬುಡಕ್ಕೆ ಚೊಂಬಿನಲ್ಲಿ ನೀರು ಹಾಕುತ್ತಾರೆ.

ಅಂಗಡಿಯಲ್ಲಿ
ಒಂದು ರವಿಕೆ ಕತ್ತರಿಸಿ ಇನ್ನೊಂದು ಹಾಸುವ ಮುನ್ನ
ನನ್ನ ಎಡಗೈ ತಾನಾಗಿ
ಬಾಟಲಿ ಹುಡುಕುತ್ತದೆ.